ಹಿತ್ತಾಳೆ, ತೊಗಲು, ಶಾಯಿ: ಹಳೆಯ ಅಗ್ನಿಶಾಮಕ ಠಾಣೆಯ ಸಾಮಾನು ಉಳಿಸಿದ ಕೆಲಸದ ದಾಖಲೆ

ಕೆಲಸಕ್ಕೆ ಎತ್ತಿಕೊಂಡ ಸಾಮಾನು ಇಷ್ಟು: ಹಿತ್ತಾಳೆ ಹೆಲ್ಮೆಟ್ 3, ತಾಮ್ರದ ರಿವೆಟ್ ಹೊಡೆದ ತೊಗಲು ಹೋಸ್ 1, ಬ್ರಾಂಚ್ (ಹೋಸ್ ತುದಿಗೆ ಹಾಕುವ, ನೀರು ಚಿಮ್ಮಿಸುವ ಲೋಹದ ಕೊಳವೆ) 2, ಎಕ್ಸ್‌ಟಿಂಗ್ವಿಷರ್ (ಕೈಯಲ್ಲಿ ಹಿಡಿದು ಬೆಂಕಿ ನಂದಿಸುವ ಪಾತ್ರೆ) 9, ಬೆಂಕಿಯ ಮೇಲೆ ಎಸೆಯುತ್ತಿದ್ದ ದ್ರಾವಣ ತುಂಬಿದ ಗಾಜಿನ ಗೋಲ 4, ಗಾಡಿಯ ಹಿಂದೆ ಕಟ್ಟಿ ಎಳೆಯುವ ನಾಲ್ಕು ಸಿಲಿಂಡರಿನ ಟ್ರೈಲರ್ ಪಂಪ್ 1, ಬೆಂಕಿಯ ಕರೆ ಬಂದಾಗ ವಾಚ್ ರೂಮಿನಲ್ಲಿ ಬರೆದಿಡುತ್ತಿದ್ದ ಕರೆ ಪುಸ್ತಕ 11. ಒಂದು ನಗರದ ಅಗ್ನಿಶಾಮಕ ದಳದ ಚರಿತ್ರೆ ಬಹುಪಾಲು ಇಂಥ ಸಾಮಾನು ಕೋಣೆಯಲ್ಲೇ ಉಳಿದಿರುತ್ತದೆ. ಠಾಣೆ ಜಾಗ ಬದಲಿಸಿದ ದಿನ ಹಿತ್ತಾಳೆ ಗುಜರಿಗೆ ಹೋಗುತ್ತದೆ, ಪುಸ್ತಕ ರದ್ದಿಗೆ ಹೋಗುತ್ತದೆ. ಅಲ್ಲಿಂದ ತಪ್ಪಿಸಿಕೊಂಡದ್ದಕ್ಕೆ ಮುಂದಿನ ಅಪಾಯ ಪ್ರೀತಿಯಿಂದ ಉಜ್ಜುವವರದು. ಹೆಲ್ಮೆಟ್ಟಿನ ತಗ್ಗು, ಪಂಪಿನ ಬೆಸುಗೆ, ಪುಟದ ಮೇಲಿನ ಮಸಿ, ಇವೆಲ್ಲ ಯಾರೋ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಅದು ಹೋದರೆ ಉಳಿಯುವುದು ಹೊಳೆಯುವ ಲೋಹ ಮಾತ್ರ. ಕೆಳಗಿನ ಎಲ್ಲ ತೀರ್ಮಾನವೂ ಈ ಲೆಕ್ಕದಲ್ಲೇ ಆದದ್ದು.

ಮುಟ್ಟುವ ಮೊದಲು

ಮೊದಲ ದಿನ ಏನನ್ನೂ ಒರೆಸಲಿಲ್ಲ, ಅಪಾಯದ ವಸ್ತುಗಳನ್ನು ಬೇರೆ ಮಾಡಿದ್ದಷ್ಟೇ.

ಸೈಕಲ್ ಪಂಪಿನ ಹಾಗೆ ಹಿಡಿಕೆ ಇರುವ ಚಿಕ್ಕ ಹಿತ್ತಾಳೆ ಎಕ್ಸ್‌ಟಿಂಗ್ವಿಷರ್‌ಗಳಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಇರುತ್ತದೆ. ಅಲುಗಿಸಿದಾಗ ಒಳಗೆ ದ್ರವ ಕುಲುಕಿದರೆ ಹಿಡಿಕೆ ಎಳೆದು ನೋಡಬಾರದು. ಅದರ ಆವಿ ಪಿತ್ತಜನಕಾಂಗಕ್ಕೂ ಮೂತ್ರಪಿಂಡಕ್ಕೂ ವಿಷ, ಕಾದ ಲೋಹಕ್ಕೆ ತಾಗಿದರೆ ಫಾಸ್‌ಜೀನ್ ಎಂಬ ವಿಷಾನಿಲ ಆಗುತ್ತದೆ. ಗಾಜಿನ ಗೋಲಗಳಲ್ಲಿ ಕೆಲವದರಲ್ಲಿ ಉಪ್ಪುನೀರು, ಕೆಲವದರಲ್ಲಿ ಇದೇ ವಿಷ. ಕಣ್ಣಿಗೆ ವ್ಯತ್ಯಾಸ ತಿಳಿಯದು, ತಕ್ಕಡಿಗೆ ಸ್ವಲ್ಪ ತಿಳಿಯುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್ ನೀರಿನ ಸುಮಾರು 1.6 ಪಟ್ಟು ಭಾರ, ಉಪ್ಪುನೀರು 1.2 ಪಟ್ಟು ದಾಟುವುದಿಲ್ಲ. ಒಂದೇ ಅಳತೆಯ, ಒಂದೇ ಮಟ್ಟಕ್ಕೆ ತುಂಬಿದ ಗೋಲಗಳಲ್ಲಿ ಒಂದು ಎದ್ದು ಕಾಣುವಷ್ಟು ಭಾರವಿದ್ದರೆ ಅನುಮಾನ ಪಡಲೇಬೇಕು. ತೂಕ ಹೊಂದಿದ ಮಾತ್ರಕ್ಕೆ ನಿರಪಾಯ ಎಂದೂ ಹೇಳಲಾಗದು. ಭಾರದ್ದನ್ನು ಮುಚ್ಚಳವಿರುವ ಪಾಲಿಥಿನ್ ಡಬ್ಬಿಯಲ್ಲಿ, ದ್ರವ ಹೀರುವ ವರ್ಮಿಕ್ಯುಲೈಟ್ ಖನಿಜದ ಚೂರು ತುಂಬಿ, ಚೀಟಿ ಅಂಟಿಸಿ ಅಪಾಯಕಾರಿ ತ್ಯಾಜ್ಯದವರಿಗೆ ಕೊಟ್ಟದ್ದು. ಪ್ರದರ್ಶನಕ್ಕೆ ಖಾಲಿ ಗೋಲವೇ ಸಾಕು.

ತಾಮ್ರದ ದೊಡ್ಡ ಸೋಡಾ-ಆಸಿಡ್ ಎಕ್ಸ್‌ಟಿಂಗ್ವಿಷರ್‌ನ ತೊಂದರೆ ಬೇರೆ. ಒಳಗೆ ಸೋಡಾ ಕರಗಿದ ನೀರು, ಮೇಲೆ ಪಂಜರದಲ್ಲಿ ಸಲ್ಫ್ಯೂರಿಕ್ ಆಸಿಡ್‌ನ ಸೀಸೆ. ತಲೆಕೆಳಗೆ ಮಾಡಿದರೆ ಎರಡೂ ಬೆರೆತು, ಹುಟ್ಟುವ ಅನಿಲ ನೀರನ್ನು ಹೊರಕ್ಕೆ ತಳ್ಳುತ್ತದೆ. ಹೊರಗೆ ಮಿರಮಿರ ಹೊಳೆಯುವ ಪಾತ್ರೆಯ ಗೋಡೆ ಒಳಗಿನಿಂದ ತೆಳ್ಳಗಾಗಿರುತ್ತದೆ. ಆದ್ದರಿಂದ ಎತ್ತುವಾಗ, ಸಾಗಿಸುವಾಗ ನೇರವಾಗಿಯೇ ಹಿಡಿಯಬೇಕು, ಒತ್ತಡ ಹಾಕಿ ಪರೀಕ್ಷಿಸುವ ಆಸೆಯನ್ನು ಪೂರ್ತಿ ಬಿಡಬೇಕು.

ಆಸ್‌ಬೆಸ್ಟಸ್ ಇರಬಹುದಾದ ಜಾಗಗಳು: ಬೆಂಕಿ ಕಂಬಳಿ, ಕೈಗವಸು, ಎಕ್ಸಾಸ್ಟ್ ಕೊಳವೆಯ ಸುತ್ತಿನ ಪಟ್ಟಿ, ಗ್ಯಾಸ್ಕೆಟ್, ಗ್ಲ್ಯಾಂಡ್ ಪ್ಯಾಕಿಂಗ್ (ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ತುರುಕುವ ಹಗ್ಗ). ಒಣಗಿದ್ದಾಗ ಬ್ರಷ್ ಆಡಿಸಿದರೆ ನಾರು ಗಾಳಿಗೇಳುತ್ತದೆ. ನೀರು ಚಿಮುಕಿಸಿ, ಎರಡು ಪದರ ದಪ್ಪ ಪಾಲಿಥಿನ್ ಚೀಲದಲ್ಲಿ ಕಟ್ಟಿ, ಪರವಾನಗಿ ಇರುವವರಿಗೆ ಒಪ್ಪಿಸಬೇಕು. ಕತ್ತಲಲ್ಲಿ ಮಿನುಗಲೆಂದು ಬಣ್ಣ ಹಚ್ಚಿದ ಹಳೆಯ ಗೇಜ್‌ಗಳಲ್ಲಿ ರೇಡಿಯಂ ಇರಬಹುದು. ಮಿನುಗು ನಿಂತಿದೆ ಎಂದರೆ ಬಣ್ಣದಲ್ಲಿನ ಮಿನುಗುವ ಪುಡಿ ಸವೆದಿದೆ ಎಂದಷ್ಟೇ ಅರ್ಥ, ರೇಡಿಯಂನ ಅರ್ಧಾಯುಷ್ಯ 1600 ವರ್ಷ. ಗೇಜ್‌ನ ಗಾಜು ಬಿಚ್ಚಲಿಲ್ಲ.

ಆಮೇಲೆ ಸಂಖ್ಯೆ ಹಾಕುವುದು. ಲೋಹದ ಮೇಲೆ ಪ್ಯಾರಲಾಯ್ಡ್ ಬಿ-72 ಎಂಬ ಆಕ್ರಿಲಿಕ್ ರಾಳವನ್ನು ಅಸಿಟೋನಿನಲ್ಲಿ 20% ಕರಗಿಸಿ 10 ಮಿ.ಮೀ. ಅಗಲದ ಪಟ್ಟಿ ಬಳಿದು, ಒಣಗಿದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಬರೆದು, ಮೇಲೊಂದು ಪದರ. ಬೇಡವಾದಾಗ ಅಸಿಟೋನ್ ಹಚ್ಚಿದರೆ ಕಲೆಯಿಲ್ಲದೆ ಹೋಗುತ್ತದೆ. ತೊಗಲಿಗೆ ಹತ್ತಿ ದಾರದಲ್ಲಿ ಕಟ್ಟಿದ ಚೀಟಿ. ಪುಸ್ತಕಕ್ಕೆ ಒಳರಟ್ಟಿನ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್.

ಹೆಲ್ಮೆಟ್

ಹಿತ್ತಾಳೆ ಹೆಲ್ಮೆಟ್ಟನ್ನು ಲಂಡನ್ನಿನ ದಳಕ್ಕೆ ತಂದವರು ಅದರ ಮುಖ್ಯಸ್ಥ ಐರ್ ಮ್ಯಾಸಿ ಶಾ, 1860ರ ದಶಕದಲ್ಲಿ, ಪ್ಯಾರಿಸ್ಸಿನ ದಳದ ಮಾದರಿ ನೋಡಿ. ಕಟ್ಟಡಗಳಲ್ಲಿ ವಿದ್ಯುತ್ ತಂತಿ ತುಂಬಿದ ಮೇಲೆ ಅದೇ ಹೆಲ್ಮೆಟ್ ಜೀವಕ್ಕೆ ಅಪಾಯವಾಯಿತು, 1930ರ ದಶಕದಲ್ಲಿ ಅಲ್ಲಿ ಕೈಬಿಟ್ಟರು. ಹೀಗೆ ಕೆಲಸದಿಂದ ಇಳಿದವು ಆಮೇಲೆ ಶೋಕೇಸಿಗೆ ಏರಿ, ದಶಕಗಟ್ಟಲೆ ಪಾಲಿಷ್ ತಿಂದಿರುತ್ತವೆ.

ಮೊದಲ ಕೆಲಸ, 10 ಪಟ್ಟಿನ ಭೂತಗನ್ನಡಿಯಲ್ಲಿ ಬಿರುಕು ಹುಡುಕುವುದು. ಹೆಲ್ಮೆಟ್ಟಿನ ಹಿತ್ತಾಳೆಯನ್ನು ತಣ್ಣಗಿರುವಾಗಲೇ ಒತ್ತಿ, ಬಡಿದು ಆಕಾರಕ್ಕೆ ತಂದಿರುತ್ತಾರೆ. ಆ ಬಿಗುವು ಲೋಹದೊಳಗೇ ಉಳಿದಿರುತ್ತದೆ, ಅದರ ಮೇಲೆ ಅಮೋನಿಯ ತಾಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟಾಗಳ ಹಿತ್ತಾಳೆ ಮಳೆಗಾಲದಲ್ಲಿ ಸೀಳುತ್ತಿದ್ದುದಕ್ಕೆ ಕುದುರೆ ಲಾಯದಿಂದ ಬರುತ್ತಿದ್ದ ಅಮೋನಿಯವೇ ಕಾರಣ ಎಂದು ಆಮೇಲೆ ಗೊತ್ತಾಯಿತು. ಕುದುರೆ ಗಾಡಿಯ ಕಾಲದಲ್ಲಿ ಅಗ್ನಿಶಾಮಕ ಠಾಣೆಗೂ ಲಾಯ ಅಂಟಿಕೊಂಡೇ ಇರುತ್ತಿತ್ತು. ಇಂದು ಅದೇ ಅಮೋನಿಯ ಬರುವುದು ಅಂಗಡಿಯ ಹಿತ್ತಾಳೆ ಪಾಲಿಷಿನಿಂದ. ಬಿರುಕು ಸಿಗುವ ಜಾಗ ಹೆಚ್ಚುಕಡಿಮೆ ಒಂದೇ: ಅಂಚಿನ ಮಡಿಕೆ, ರಿವೆಟ್ ತೂತಿನ ಸುತ್ತ, ನೆತ್ತಿಯ ಏಣು ಕೂಡುವ ಗೆರೆ. ಒಂದು ಹೆಲ್ಮೆಟ್ಟಿನ ಹಿಂದಿನ ಅಂಚಿನಲ್ಲಿ 14 ಮಿ.ಮೀ. ಬಿರುಕು ಇತ್ತು. ಬೆಸುಗೆ ಹಾಕಿದರೆ ಶಾಖಕ್ಕೆ ಬಿರುಕು ಮುಂದಕ್ಕೆ ಓಡಬಹುದು, ಅದಕ್ಕೇ ಹಾಕಲಿಲ್ಲ. ತುದಿ ಎಲ್ಲಿದೆ ಎಂದು ಫೋಟೋದಲ್ಲಿ ಗುರುತಿಸಿ, ಅಂಚಿನ ಮೇಲೆ ಭಾರ ಬೀಳದಂತೆ ಒಳಗಿನಿಂದ ಆಧಾರ ಕೊಟ್ಟದ್ದು.

ತೊಳೆಯಲು ಅಯಾನು ತೆಗೆದ ನೀರಿಗೆ 0.5% ಅಯಾನಿಕವಲ್ಲದ ಡಿಟರ್ಜೆಂಟ್. ಮುಳುಗಿಸಬಾರದು, ಒಳಗಿನ ತೊಗಲು ಪಟ್ಟಿಗೆ ನೀರು ಹೋಗುತ್ತದೆ. ಹತ್ತಿ ಉಂಡೆ ಅದ್ದಿ, ಹಿಂಡಿ, ಅಂಗೈ ಅಗಲ ಒರೆಸಿ, ಬೇರೆ ಉಂಡೆಯಲ್ಲಿ ಬರೀ ನೀರು, ಕೂಡಲೇ ಒಣಬಟ್ಟೆ. ಉಬ್ಬುಚಿತ್ರದ ಸಂದಿಯಲ್ಲಿ ಬಿಳಿಚಿದ ಹಸಿರು ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಅದು ಕಿಲುಬು ಮಾತ್ರವಲ್ಲ, ಹಳೆಯ ಪಾಲಿಷಿನ ಮಡ್ಡಿಯೂ ಹೌದು. ತೇವ ಹಿಡಿದಿಟ್ಟುಕೊಂಡು ಕೆಳಗಿನ ಲೋಹವನ್ನು ತಿನ್ನುತ್ತದೆ. ಬಿದಿರು ಕಡ್ಡಿಯ ತುದಿ ಚೂಪು ಮಾಡಿ, ಎಥನಾಲ್ ಅದ್ದಿ, ಒಂದೊಂದೇ ಗೆರೆ ಬಿಡಿಸಬೇಕು. ಒಂದು ಹೆಲ್ಮೆಟ್ಟಿಗೆ 6 ಗಂಟೆ ಹಿಡಿಯಿತು. ಉಕ್ಕಿನ ಸೂಜಿ ಬೇಗ ಕೆಲಸ ಮಾಡುತ್ತದೆ, ಆದರೆ ಅದು ಬಿಟ್ಟ ಗೀರು ಶಾಶ್ವತ.

ಹುಳಿಯಿರುವ ಯಾವ ದ್ರಾವಣವೂ ಬೇಡ. ಹುಳಿ ಸತುವನ್ನು ಎಳೆದುಕೊಂಡು ತಾಮ್ರವನ್ನು ಮೇಲೆ ಬಿಡುತ್ತದೆ, ಗುಲಾಬಿ ಬಣ್ಣದ ಮಚ್ಚೆ ಏಳುತ್ತದೆ. ಆ ಮಚ್ಚೆಯನ್ನು ತೆಗೆಯಲು ಮತ್ತೆ ಲೋಹವನ್ನೇ ಸವೆಸಬೇಕು. ಕಪ್ಪು ಮಚ್ಚೆ ತೀರಾ ಗಾಢವಾಗಿದ್ದ ಎರಡು ಕಡೆ ಮಾತ್ರ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೀರು-ಎಥನಾಲ್ ಸಮಪಾಲಿನಲ್ಲಿ ಕಲಸಿ ಬೆರಳ ತುದಿಯಷ್ಟು ಉಜ್ಜಿ ನಿಲ್ಲಿಸಿದ್ದು. ಉಳಿದ ಕಂದು ಛಾಯೆ ಹಾಗೇ ಇದೆ. ತಗ್ಗುಗಳನ್ನು ಬಡಿದು ಎತ್ತಲಿಲ್ಲ, ಬೂದು ಬಣ್ಣದ ಹಳೆಯ ಬೆಸುಗೆಯನ್ನೂ ಕೆರೆಯಲಿಲ್ಲ.

ಮೂರನೆಯ ಹೆಲ್ಮೆಟ್ಟಿನ ಒಳಪಟ್ಟಿಯ ಹಿಂದೆ ನಾಲ್ಕು ಮಡಿಕೆಯ ಕಾಗದದ ಪಟ್ಟಿ ಸಿಕ್ಕಿತು, ಬೆವರಿಗೆ ಹಳದಿಯಾಗಿ ತಲೆಯ ಬಾಗಿಗೆ ಒಗ್ಗಿಕೊಂಡಿತ್ತು. ಮೊದಲಿದ್ದವನ ತಲೆಗಿಂತ ಚಿಕ್ಕ ತಲೆಗೆ ಆ ಹೆಲ್ಮೆಟ್ ಹೋಗಿತ್ತು ಎಂಬುದಕ್ಕೆ ಅದಕ್ಕಿಂತ ಗುರುತು ಬೇಕಿಲ್ಲ. ಫೋಟೋ ತೆಗೆದು, ಮಡಿಕೆ ಬಿಚ್ಚದೆ, ಇದ್ದ ಜಾಗದಲ್ಲೇ ಬಿಟ್ಟಿದೆ. ಶುಚಿ ಮಾಡುವ ಉತ್ಸಾಹದಲ್ಲಿ ಮೊದಲು ಕಸದ ಬುಟ್ಟಿಗೆ ಹೋಗುವುದೇ ಇಂಥದ್ದು.

ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣ, ತೆಳ್ಳಗೆ ಎರಡು ಕೈ, ನಡುವೆ ಒಂದು ದಿನ ಬಿಡುವು. ಆಕ್ರಿಲಿಕ್ ಲ್ಯಾಕರ್ ಹೆಚ್ಚು ಕಾಲ ತಡೆಯುತ್ತದೆ ನಿಜ, ಆದರೆ ಒಂದು ಕಡೆ ಕಿತ್ತರೆ ಅಲ್ಲಿಂದ ಒಳಗೆ ಕಪ್ಪು ಹರಡುತ್ತದೆ, ಆಗ ಪೂರ್ತಿ ತೆಗೆದು ಮತ್ತೆ ಹಾಕಬೇಕು. ಜನ ಮುಟ್ಟದ ಗಾಜಿನ ಪೆಟ್ಟಿಗೆಯಾದರೆ ಲ್ಯಾಕರ್, ಕೈಗೆ ಸಿಗುವುದಾದರೆ ಮೇಣ. ಕೆಲಸದ ಉದ್ದಕ್ಕೂ ನೈಟ್ರೈಲ್ ಗವಸು ಬೇಕು. ಬೆರಳಿನ ಬೆವರಿನ ಉಪ್ಪು ಹಿತ್ತಾಳೆಯಲ್ಲಿ ಅಚ್ಚಾಗಿ ಉಳಿಯುತ್ತದೆ.

ತೊಗಲು ಹೋಸ್

ಆಮ್‌ಸ್ಟರ್‌ಡ್ಯಾಮಿನ ಯಾನ್ ಫಾನ್ ಡೆರ್ ಹೈಡೆನ್ 1670ರ ದಶಕದಲ್ಲಿ ಹೊಲಿದ ತೊಗಲು ಹೋಸನ್ನು ಬಳಕೆಗೆ ತಂದ, ಹೊಲಿಗೆಯ ಬದಲು ಲೋಹದ ರಿವೆಟ್ ಬಂದದ್ದು ಫಿಲಡೆಲ್ಫಿಯಾದಲ್ಲಿ 1808ರ ಹೊತ್ತಿಗೆ. ರಿವೆಟ್ ಹೋಸಿನ ತೊಂದರೆಗಳು ಎರಡು. ಒಂದು, ಕೆಂಪು ಪುಡಿ. ಮರದ ತೊಗಟೆಯಿಂದ ಹದ ಮಾಡಿದ ತೊಗಲು ಗಾಳಿಯ ಗಂಧಕದ ಆಮ್ಲ ಹೀರಿ ಒಳಗಿನಿಂದ ಒಡೆಯುತ್ತದೆ, ಹತ್ತಿ ತಾಗಿಸಿದರೆ ಇಟ್ಟಿಗೆ ಬಣ್ಣದ ಹುಡಿ ಅಂಟುತ್ತದೆ. ಹೀಗಾದ ತೊಗಲು ಮತ್ತೆ ಗಟ್ಟಿಯಾಗುವುದಿಲ್ಲ. ನೀರು ತಾಗಿದರೆ ಕಪ್ಪಗಾಗಿ ಸೆಟೆದುಕೊಳ್ಳುತ್ತದೆ. ಹುಡಿ ಕಟ್ಟಲು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸನ್ನು ಎಥನಾಲಿನಲ್ಲಿ 2% ಕರಗಿಸಿ ಮೆತ್ತನೆಯ ಬ್ರಷ್ಷಿನಲ್ಲಿ ಒಂದು ಕೈ. ಮೊದಲು ಒಳಬದಿಯಲ್ಲಿ ನಾಣ್ಯದಷ್ಟು ಜಾಗದಲ್ಲಿ ಹಚ್ಚಿ ಬಣ್ಣ ಕಪ್ಪಾಗುತ್ತದೆಯೇ ನೋಡಬೇಕು.

ಎರಡು, ರಿವೆಟ್ ಸುತ್ತ ಹಸಿರು ಮೇಣ. ತೊಗಲಿಗೆ ತಿನ್ನಿಸಿದ ಎಣ್ಣೆಯೂ ತಾಮ್ರವೂ ಸೇರಿ ಆದ ಸೋಪು ಅದು. ಮರದ ಕಡ್ಡಿ, ಆಮೇಲೆ ವೈಟ್ ಸ್ಪಿರಿಟ್ ತಾಗಿಸಿದ ಹತ್ತಿ. ತೊಗಲು ಮೆತ್ತಗಾಗಲಿ ಎಂದು ಹೊಸದಾಗಿ ಎಣ್ಣೆ ಹಚ್ಚುವುದು ಈ ಹಸಿರಿಗೇ ಮೇವು ಹಾಕಿದಂತೆ. 600 ಮಿ.ಮೀ. ಅಡ್ಡಳತೆಯ ಪಾಲಿಥಿನ್ ಫೋಮ್ ಸುತ್ತಿಗೆ ಬಿಳಿ ಮಾಡದ ಹತ್ತಿ ಬಟ್ಟೆ ಹೊದಿಸಿ ಸುರುಳಿ ಇಟ್ಟದ್ದು. ರಬ್ಬರ್ ಒಳಪದರದ ಕ್ಯಾನ್ವಾಸ್ ಹೋಸ್ ಇದ್ದರೆ ಬೇರೆ ಕಪಾಟು ಬೇಕು, ರಬ್ಬರು ಬಿಡುವ ಗಂಧಕ ಪಕ್ಕದ ಹಿತ್ತಾಳೆಯನ್ನು ಕಪ್ಪು ಮಾಡುತ್ತದೆ.

ಟ್ರೈಲರ್ ಪಂಪ್

ಬಣ್ಣದಿಂದ ಶುರು. ಮೇಲಿನದು ಕೆಂಪು, ಸುಮಾರಾಗಿ ಬಳಿದದ್ದು. ಮರೆಯಾದ ಒಂದು ಮೂಲೆಯಲ್ಲಿ 50 ಮಿ.ಮೀ. ಚೌಕದ ಕಿಟಕಿ ತೆರೆದದ್ದು, 400ರಿಂದ 1200ರ ವರೆಗಿನ, ನೀರು ಹಾಕಿ ಉಜ್ಜುವ ಮರಳು ಕಾಗದದಲ್ಲಿ ಮೆಟ್ಟಿಲು ಮೆಟ್ಟಿಲಾಗಿ. ಕೆಂಪಿನ ಕೆಳಗೆ ಇನ್ನೊಂದು ಕೆಂಪು, ಅದರ ಕೆಳಗೆ ಬೂದು, ತಳದಲ್ಲಿ ಕಿತ್ತಳೆ ಛಾಯೆಯ ರೆಡ್ ಲೆಡ್ ಪ್ರೈಮರ್ (ಸೀಸ ಬೆರೆತ ತಳಬಣ್ಣ). ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಇಂಥ ಪಂಪುಗಳನ್ನು ಸಾವಿರಗಟ್ಟಲೆ ಮಾಡಿಸಿ ಬೂದು ಬಳಿಯಿತು, ಹಾಗಾಗಿ ಬೂದು ಪದರ ಸಿಕ್ಕರೆ ಪಂಪಿನ ಕಾಲದ ಬಗ್ಗೆ ಒಳ್ಳೆಯ ಸುಳಿವು. ಸೀಸ ಪರೀಕ್ಷಿಸುವ ಕಡ್ಡಿಗಳಲ್ಲಿ ಕೆಂಪಾಗುವ ಜಾತಿಯದು ಕೆಂಪು ಬಣ್ಣದ ಮೇಲೆ ಮೋಸ ಮಾಡುತ್ತದೆ, ಕಪ್ಪಾಗುವ ಸಲ್ಫೈಡ್ ಜಾತಿಯದನ್ನೇ ಬಳಸಬೇಕು. ಸೀಸ ಇದೆ ಎಂದು ಗೊತ್ತಾದ ಮೇಲೆ ಒಣ ಉಜ್ಜಾಟ ಇಲ್ಲ. ಕಿಟಕಿಯನ್ನು ಮುಚ್ಚದೆ ತೆಳು ಮೇಣ ಹಚ್ಚಿ ಬಿಟ್ಟಿದೆ, ಪಂಪಿಗೆ ಹೊಸ ಬಣ್ಣ ಬಳಿದಿಲ್ಲ.

ಎಂಜಿನ್ ಕಚ್ಚಿಕೊಂಡಿತ್ತು. ಆಯಿಲ್ ಇಳಿಸಿದಾಗ ಮೊದಲು ಬಂದದ್ದು ಅರ್ಧ ಲೋಟ ನೀರು. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ 25 ಮಿ.ಲೀ. ಎಟಿಎಫ್ (ವಾಹನದ ಆಟೋಮ್ಯಾಟಿಕ್ ಗೇರ್ ಎಣ್ಣೆ) ಮತ್ತು ಅಸಿಟೋನ್ ಸಮಪಾಲಿನ ಮಿಶ್ರಣ, ಹಾಕುವ ಮುಂಚೆ ಪ್ರತಿ ಸಲ ಕುಲುಕಬೇಕು, ಎರಡೂ ತಾವಾಗಿ ಬೇರೆಯಾಗುತ್ತವೆ. ಐದು ದಿನ ಬಿಟ್ಟು ಹ್ಯಾಂಡಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಎರಡು ಮೂರು ಮಿ.ಮೀ. ಅಲುಗಾಟ. ಆರನೆಯ ದಿನ ಬಿಟ್ಟುಕೊಟ್ಟಿತು. ಮೊದಲ ದಿನವೇ ಉದ್ದ ಪೈಪ್ ಹಾಕಿ ಒತ್ತಿದ್ದರೆ ರಿಂಗ್ ಮುರಿಯುತ್ತಿತ್ತು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಪಾಯಿಂಟ್ ಕಿಲುಬು ತೆಗೆದು, ಅಂತರ 0.3 ಮಿ.ಮೀ.ಗೆ ಹೊಂದಿಸಿದ್ದು. ತಣ್ಣಗಿದ್ದಾಗ ಕಿಡಿ ಚೆನ್ನಾಗಿದ್ದು ಬಿಸಿಯಾದೊಡನೆ ಸಾಯುವುದಾದರೆ ಹಳೆಯ ಕಾಗದದ ಕಂಡೆನ್ಸರನ್ನು ಅನುಮಾನಿಸಬೇಕು. ಇಲ್ಲೂ ಅದೇ ಆಗಿತ್ತು.

ಪಂಪಿನ ಹೊಟ್ಟೆಯ ಡ್ರೈನ್ ಕಾಕ್ ಹೂಳಿನಿಂದ ಮುಚ್ಚಿತ್ತು. ವರ್ಷಗಟ್ಟಲೆ ನಿಂತ ನೀರಿನಲ್ಲಿ ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಇಂಪೆಲ್ಲರಿಗೆ, ಎಂದರೆ ನೀರು ತಳ್ಳುವ ಚಕ್ರಕ್ಕೆ, ತಾಗಿದ ಉಕ್ಕಿನ ಶಾಫ್ಟೇ ಮೊದಲು ಸವೆಯುತ್ತದೆ, ಗುಳಿ ಇದ್ದದ್ದೂ ಅಲ್ಲೇ. ಹಳೆಯ ಪ್ಯಾಕಿಂಗನ್ನು ಆಸ್‌ಬೆಸ್ಟಸ್ ಎಂದೇ ಎಣಿಸಿ ಒದ್ದೆ ಮಾಡಿ ತೆಗೆದದ್ದು. ಹೊಸ ಗ್ರ್ಯಾಫೈಟ್ ಪ್ಯಾಕಿಂಗಿನ ಉಂಗುರಗಳ ತುದಿ 45 ಡಿಗ್ರಿ ಓರೆಗೆ ಕತ್ತರಿಸಿ, ಒಂದರ ಕೂಡುಗೆರೆ ಇನ್ನೊಂದರ ಮೇಲೆ ಬರದಂತೆ 120 ಡಿಗ್ರಿ ತಿರುಗಿಸಿ ಕೂರಿಸಬೇಕು. ನಟ್ ಕೈಬಿಗಿ ಮಾತ್ರ. ಓಡುವಾಗ ಗ್ಲ್ಯಾಂಡಿನಿಂದ ಹನಿ ಬೀಳಲೇಬೇಕು, ಆ ಹನಿಯೇ ಪ್ಯಾಕಿಂಗನ್ನು ತಣ್ಣಗಿಡುವುದು. ಪೂರ್ತಿ ಒಣಗುವ ಹಾಗೆ ಬಿಗಿದರೆ ಶಾಫ್ಟ್ ಮೇಲೆ ಗೀರು ಬೀಳುತ್ತದೆ.

ಓಡಿಸಬೇಕೇ ಎಂಬುದು ದೊಡ್ಡ ಪ್ರಶ್ನೆ. ಓಡಿಸಿದಷ್ಟೂ ಮೂಲ ಭಾಗ ಸವೆಯುತ್ತದೆ. ಆದರೆ ಈ ಪಂಪಿನ ಸದ್ದೂ ಚರಿತ್ರೆಯದೇ ಭಾಗ, ಅದನ್ನು ಬೇರೆಲ್ಲಿಂದಲೂ ತರಲಾಗದು. ಒಂದೇ ಒಂದು ಸಲ ಓಡಿಸಿ, ಧ್ವನಿ ಹಿಡಿದು, ಮತ್ತೆ ಮಲಗಿಸುವುದು ಎಂದು ತೀರ್ಮಾನ.

ಅದಕ್ಕೆ ಮುಂಚೆ ಎರಡು ಪರೀಕ್ಷೆ. ಒತ್ತಡದ ಪರೀಕ್ಷೆ ನೀರಿನಲ್ಲೇ, ಗಾಳಿಯಲ್ಲಿ ಎಂದಿಗೂ ಬೇಡ. ಎರಕದ ಕವಚ ಒಡೆದರೆ ನೀರು ಸೋರಿ ನಿಲ್ಲುತ್ತದೆ, ಒತ್ತಿದ ಗಾಳಿ ಚೂರುಗಳನ್ನು ಗುಂಡಿನಂತೆ ಹಾರಿಸುತ್ತದೆ. 4 ಬಾರ್ 10 ನಿಮಿಷ ನಿಂತಿತು. ಇನ್ನೊಂದು ನಿರ್ವಾತದ್ದು: ನೀರು ಹೊರಹೋಗುವ ಡೆಲಿವರಿ ಮುಚ್ಚಿ, ನೀರೆಳೆಯುವ ಸಕ್ಷನ್ ಹೋಸ್ ತುದಿಗೆ ಮುಚ್ಚಳ ಹಾಕಿ, ಹೊರಗಿನ ವ್ಯಾಕ್ಯೂಮ್ ಪಂಪಿನಿಂದ 22 ಇಂಚು ಪಾದರಸದವರೆಗೆ ಎಳೆದು ನಿಲ್ಲಿಸಬೇಕು. 5 ನಿಮಿಷದಲ್ಲಿ 10 ಇಂಚಿಗಿಂತ ಹೆಚ್ಚು ಇಳಿಯಬಾರದು. ಇಲ್ಲಿ ಒಂದೂವರೆ ನಿಮಿಷದಲ್ಲೇ ಇಳಿಯಿತು. ಕಪ್ಲಿಂಗುಗಳ ಸುತ್ತ ಸೋಪಿನ ನೊರೆ ಹಚ್ಚಿದರೆ ಸೋರುವ ಕಡೆ ನೊರೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸಿಕ್ಕಿದ್ದು ಸಕ್ಷನ್ ಕಪ್ಲಿಂಗಿನ ಕಲ್ಲಾದ ರಬ್ಬರ್ ವಾಷರ್. ಇಂಥ ಪಂಪು ನೀರೆಳೆಯದಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ, ಎಂಜಿನ್ನಿಗೆ ಕೈ ಹಾಕುವುದು ಆಮೇಲೆ.

ತೆರೆದ ತೊಟ್ಟಿಯಿಂದ 2 ಮೀಟರ್ ಎಳೆತ, ಗೇಜಿನಲ್ಲಿ 3 ಬಾರ್ ದಾಟದಂತೆ, 12 ನಿಮಿಷ ಓಡಿತು. ಮೈಕ್ ಎರಡು: ಒಂದು ಎಕ್ಸಾಸ್ಟಿನಿಂದ 3 ಮೀಟರ್ ದೂರ, ಇನ್ನೊಂದು ಪಂಪ್ ನಡೆಸುವವನು ನಿಲ್ಲುತ್ತಿದ್ದ ಜಾಗದಲ್ಲಿ ಕಿವಿಯ ಎತ್ತರಕ್ಕೆ. ಆಮೇಲೆ ನೀರು, ಪೆಟ್ರೋಲ್ ಪೂರ್ತಿ ಇಳಿಸಿ, ಸಿಲಿಂಡರುಗಳಿಗೆ ತುಕ್ಕು ತಡೆಯುವ ಎಣ್ಣೆ ಹೊಡೆದು, ಡ್ರೈನ್ ಕಾಕ್ ತೆರೆದೇ ಬಿಟ್ಟಿದೆ. ಹೊಸದಾಗಿ ಹಾಕಿದ ವಾಷರ್, ಕಂಡೆನ್ಸರ್, ನಟ್ ಎಲ್ಲದರ ಮೇಲೂ ವರ್ಷ ಗುರುತಿಸಿದೆ. ತೆಗೆದ ಹಳೆಯದು ಅದೇ ಸಂಖ್ಯೆಯ ಚೀಲದಲ್ಲಿ, ಪ್ಯಾಕಿಂಗ್ ಬಿಟ್ಟು.

ಕರೆ ಪುಸ್ತಕಗಳು

ಹನ್ನೊಂದರಲ್ಲಿ ಎರಡಕ್ಕೆ ಹುಳು. ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ -20 ಡಿಗ್ರಿಯಲ್ಲಿ 2 ವಾರ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಪುಟದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ.

ಶಾಯಿ ಎರಡು ಬಗೆ. ಒಂದು ಕಬ್ಬಿಣದ ಶಾಯಿ, ಹೊಸತರಲ್ಲಿ ಕಪ್ಪು, ಈಗ ಕಂದು, ದಪ್ಪ ಗೆರೆಗಳಲ್ಲಿ ಕಾಗದವನ್ನೇ ಸುಟ್ಟು ತೂತು ಮಾಡಿದೆ. ಬ್ಯಾಥೋಫೆನಾಂತ್ರೊಲಿನ್ ಕಾಗದದ ಚೂರನ್ನು ತುಸು ತೇವ ಮಾಡಿ ಅಕ್ಷರದ ಮೇಲೆ 30 ಸೆಕೆಂಡ್ ಒತ್ತಿದರೆ, ಕರಗುವ ಕಬ್ಬಿಣ ಇದ್ದಲ್ಲಿ ಗುಲಾಬಿಯಾಗುತ್ತದೆ. ಹಾಗಾದ ಪುಟಕ್ಕೆ ನೀರಿನ ಅಂಟು ಹಚ್ಚಿದರೆ ಕಬ್ಬಿಣ ಪಕ್ಕದ ಖಾಲಿ ಕಾಗದಕ್ಕೂ ಹರಡುತ್ತದೆ. ಅಂಥ ಕಡೆ 3% ಜೆಲಟಿನ್ ಬಳಿದು ಒಣಗಿಸಿಟ್ಟ ತೆಳು ಜಪಾನಿ ಕಾಗದವನ್ನು ಬೇಕಾದಷ್ಟೇ ತೇವ ಮಾಡಿ ಕೂರಿಸಿದ್ದು. ಅಕ್ಷರವಿಲ್ಲದ ಅಂಚಿನ ಹರಕಿಗೆ ಗೋಧಿ ಪಿಷ್ಟದ ಅಂಟೇ ಸಾಕು.

ಇನ್ನೊಂದು ನೇರಳೆ ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಸಾಮಾನ್ಯ ಪೆನ್ಸಿಲಿನ ಬೂದು ಗೆರೆ, ಒಂದು ಹನಿ ನೀರು ತಾಗಿದರೆ ಗಾಢ ನೇರಳೆಯಾಗಿ ಹರಿಯುತ್ತದೆ. ಏಳನೆಯ ಪುಸ್ತಕದ ಒಂದು ಪುಟದ ಮೂಲೆಯಲ್ಲಿ ಪೂರ್ತಿ ಹೆಬ್ಬೆರಳ ಗುರುತು ನೇರಳೆಯಲ್ಲಿ ಮೂಡಿದೆ: ಒದ್ದೆ ಕೈಯಲ್ಲೇ ಪುಟ ತಿರುಗಿಸಿದ್ದಾರೆ. ಈ ಪುಟಗಳಿಗೆ ತೇವದ ಯಾವ ಚಿಕಿತ್ಸೆಯೂ ಇಲ್ಲ. ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆದು ಬಿಟ್ಟದ್ದು.

ಫೋಟೋ ಪ್ರತಿ 400 ಪಿಪಿಐ (ಇಂಚಿಗೆ 400 ಚುಕ್ಕೆ), 24 ಬಿಟ್ ಬಣ್ಣ, ಟಿಫ್ ಕಡತ. ಎ3 ಅಳತೆಯ ಒಂದು ಪುಟ ಸುಮಾರು 93 ಎಂಬಿ, 300 ಪುಟದ ಪುಸ್ತಕ 28 ಜಿಬಿ ಹತ್ತಿರ. ಕಪ್ಪುಬಿಳುಪು ಮಾಡಿದರೆ ಜಾಗ ಉಳಿಯುತ್ತದೆ, ಆದರೆ ಯಾವುದು ಶಾಯಿ, ಯಾವುದು ಪೆನ್ಸಿಲ್, ಯಾವುದು ಆಮೇಲೆ ಸೇರಿಸಿದ ಸಾಲು ಎಂದು ಗೊತ್ತಾಗದೆ ಹೋಗುತ್ತದೆ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಲೆಕ್ಕ (ಕಡತ ತುಸು ಬದಲಾದರೂ ತೋರಿಸಿಕೊಡುವ ಸಂಖ್ಯೆ), ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ಪುಸ್ತಕವನ್ನು 180 ಡಿಗ್ರಿ ಚಪ್ಪಟೆ ಮಾಡಿ ಗಾಜು ಒತ್ತಿದರೆ ಬೆನ್ನು ಮುರಿಯುತ್ತದೆ. ಫೋಮ್ ಬೆಣೆಗಳ ಮೇಲೆ 100 ಡಿಗ್ರಿಯಷ್ಟೇ ತೆರೆದು, ಎಡ ಪುಟಗಳನ್ನೆಲ್ಲ ಒಂದು ಸುತ್ತು, ಬಲ ಪುಟಗಳನ್ನೆಲ್ಲ ಇನ್ನೊಂದು ಸುತ್ತು ತೆಗೆದದ್ದು.

ಸೂಚಿ ಮಾಡುವಾಗ ಎಡವುವುದು ದಿನಾಂಕದಲ್ಲಿ. ಪಾಳಿ ಬದಲಾಗುವಾಗ ಮಾತ್ರ ಹೊಸ ಪುಟಕ್ಕೆ ಹೋಗುವ ಪುಸ್ತಕಗಳಲ್ಲಿ ರಾತ್ರಿ 2 ಗಂಟೆಯ ಕರೆ ಹಿಂದಿನ ದಿನದ ತಾರೀಕಿನ ಕೆಳಗೆ ಕೂತಿರುತ್ತದೆ. ಅದಕ್ಕೇ ಎರಡು ಕಾಲಂ, ಪುಟದಲ್ಲಿ ಬರೆದ ದಿನಾಂಕ ಮತ್ತು ಲೆಕ್ಕ ಹಾಕಿದ ದಿನಾಂಕ. ಅಳತೆಗೂ ಹಾಗೆಯೇ: ಗ್ಯಾಲನ್ ಎಂದು ಬರೆದಿದ್ದರೆ ಗ್ಯಾಲನ್ನೇ ಇರಲಿ, ಲೀಟರ್ ಪಕ್ಕದ ಕಾಲಂನಲ್ಲಿ. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785, ಪಂಪ್ ಎಲ್ಲಿಯದು ಎಂದು ನೋಡದೆ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಬೀದಿಯ ಹೆಸರು ಬದಲಾಗಿದ್ದರೆ ಹಳೆಯದನ್ನು ತಿದ್ದದೆ, ಹೊಸದನ್ನು ಬೇರೆ ಪಟ್ಟಿಯಲ್ಲಿ ಜೋಡಿಸಬೇಕು. ಗಾಯಗೊಂಡವರ, ಬೆಂಕಿ ಇಟ್ಟ ಅನುಮಾನಕ್ಕೆ ಸಿಕ್ಕವರ ಹೆಸರಿರುವ ಸಾಲುಗಳನ್ನು ಮೂಲ ಪ್ರತಿಯಲ್ಲಿ ಉಳಿಸಿ, ಹೊರಗೆ ತೋರಿಸುವ ಪ್ರತಿಯಲ್ಲಿ ಮುಚ್ಚಿದೆ.

ಕೆಲಸ ಮಾಡಿದವರ ಕೈ

ನಿವೃತ್ತ ಸಿಬ್ಬಂದಿಯ ಮಾತು ಹಿಡಿಯುವಾಗ ಎದುರಿಗೆ ವಸ್ತು ಇಟ್ಟರೆ ಮಾತಿನ ದಿಕ್ಕೇ ಬೇರೆ. "ನಿಮ್ಮ ಅನುಭವ ಹೇಳಿ" ಎಂದರೆ ಸಮಾರಂಭದ ಭಾಷಣ ಬರುತ್ತದೆ. ಬ್ರಾಂಚ್ ಕೈಗಿಟ್ಟು "ಇದನ್ನು ಎಲ್ಲಿ ಹಿಡಿಯುತ್ತಿದ್ದಿರಿ?" ಎಂದು ಕೇಳಿದರೆ ಮೈಯೇ ತಿರುಗಿ ನಿಲ್ಲುತ್ತದೆ, ಕಾಲು ಅಗಲವಾಗುತ್ತದೆ, ಎಡಗೈ ಸವೆದ ಜಾಗಕ್ಕೆ ಸರಿಯಾಗಿ ಹೋಗಿ ಕೂರುತ್ತದೆ. ಆದ್ದರಿಂದ ಧ್ವನಿಯ ಜತೆಗೆ ಒಂದು ಕ್ಯಾಮೆರಾ ಕೈಗಳ ಮೇಲೇ ಇರಬೇಕು. ಧ್ವನಿ 48 ಕಿಲೋಹರ್ಟ್ಸ್, 24 ಬಿಟ್, ವೇವ್: ಸ್ಟೀರಿಯೋದಲ್ಲಿ ಗಂಟೆಗೆ 1 ಜಿಬಿ ಚಿಲ್ಲರೆ. ಪಂಪಿನ ಸದ್ದು ಕೇಳಿಸಿ, ಯಾವ ಸದ್ದು ಬಂದಾಗ ಏನು ಮಾಡುತ್ತಿದ್ದರು ಎಂದು ಕೇಳುವುದು ಪಟ್ಟಿಯ ಮೊದಲ ಪ್ರಶ್ನೆ. ಗಂಟು ಹಾಕುವುದು, ಹೋಸ್ ಸುತ್ತುವುದು, ಹೆಲ್ಮೆಟ್ಟಿನ ಸರಪಣಿ ಬಿಗಿಯುವುದು, ಮೂರನ್ನೂ ಎರಡೆರಡು ಸಲ, ಎರಡನೆಯ ಸಲ ನಿಧಾನವಾಗಿ.

ಕೋಣೆಯ ಆರ್ದ್ರತೆ 45-55%ರ ನಡುವೆ, ದಿನದ ಏರಿಳಿತ ಕಡಿಮೆ. 65% ದಾಟಿದರೆ ಬೂಷ್ಟು. ಹಿತ್ತಾಳೆಯ ಮುಚ್ಚಿದ ಪೆಟ್ಟಿಗೆಗೆ ಮಾತ್ರ ಸಿಲಿಕಾ ಜೆಲ್ ಹಾಕಿ 40%ಕ್ಕಿಂತ ಕೆಳಗೆ, ತೊಗಲು ಪಟ್ಟಿ ಇರುವ ಹೆಲ್ಮೆಟ್ಟಿಗೆ ಅಷ್ಟು ಒಣ ಬೇಡ, 45% ಸಾಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡಬೇಕಾದದ್ದು: 14 ಮಿ.ಮೀ. ಬಿರುಕಿನ ತುದಿ, ರಿವೆಟ್ ಸುತ್ತಿನ ಹಸಿರು, ಪಂಪಿನ ಡ್ರೈನ್ ಕಾಕ್ ಕೆಳಗಿಟ್ಟ ಬಿಳಿ ಕಾಗದದ ಮೇಲೆ ತುಕ್ಕಿನ ಹನಿ.